ಮೀಟರ್ ಇಟ್ಟು ನೋಡಿ, ಆಮೇಲೆ ವೈರ್ ಜೋಡಿಸಿ

ಮಾನ್ಯ ಸಂಪಾದಕರೇ,

ಬದಿಯಡ್ಕದಲ್ಲಿ ನಾನು ವಾಹನಗಳ ಎಲೆಕ್ಟ್ರಿಕಲ್ ಕೆಲಸ ಮಾಡುತ್ತೇನೆ. ಹೊಸ ಸ್ಟೀರಿಯೋ ಹಾಕಿಸಿದ ಮೇಲೆ ಬೆಳಿಗ್ಗೆ ಕಾರು ಸ್ಟಾರ್ಟೇ ಆಗುವುದಿಲ್ಲ ಎಂದು ಬರುವವರು ಈಚೆಗೆ ಜಾಸ್ತಿ. ಡ್ಯಾಶ್‌ಬೋರ್ಡ್ ಬಿಚ್ಚಿದರೆ ಸೆಟ್‌ನ ಹಳದಿ, ಕೆಂಪು ವೈರ್ ಎರಡನ್ನೂ ಒಟ್ಟಿಗೆ ಹೊಸೆದು ಟೇಪ್ ಸುತ್ತಿರುತ್ತಾರೆ. ಹಳದಿಗೆ ಸದಾ 12 ವೋಲ್ಟ್ ಬೇಕು, ಗಡಿಯಾರ ಮತ್ತು ಸೇವ್ ಮಾಡಿದ ರೇಡಿಯೋ ಸ್ಟೇಷನ್ ಉಳಿಯಲು. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಎರಡನ್ನೂ ಒಟ್ಟಿಗೆ ಸದಾ 12 ವೋಲ್ಟ್ ಇರುವ ವೈರಿಗೆ ಸೇರಿಸಿದರೆ ಸೆಟ್ ರಾತ್ರಿಯಿಡೀ ಬ್ಯಾಟರಿ ತಿನ್ನುತ್ತದೆ.

ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಕಪ್ಪು ಕಡ್ಡಿಯನ್ನು ಕಾರಿನ ಬಾಡಿಯ ಪೇಂಟ್ ಇಲ್ಲದ ಬೋಲ್ಟಿಗೆ ತಾಗಿಸಿ, ಕೆಂಪು ಕಡ್ಡಿಯಿಂದ ಕಾರಿನ ಕಡೆಯ ವೈರುಗಳನ್ನು ಒಂದೊಂದಾಗಿ ನೋಡಿ. ಕೀ ತೆಗೆದರೂ 12 ತೋರಿಸುವ ವೈರ್ ಹಳದಿಗೆ, ಸೊನ್ನೆಗೆ ಇಳಿಯುವುದು ಕೆಂಪಿಗೆ. ಅಷ್ಟೇ ಅಲ್ವಾ ಕೆಲಸ? ಸ್ಪೀಕರ್ ಹೋಗಿದೆ ಎನ್ನುವ ಮೊದಲೂ ಅದರ ವೈರ್ ಕಳಚಿ, ಮೀಟರನ್ನು ಓಮಿಗೆ ತಿರುಗಿಸಿ ಅಳೆಯಬೇಕು. 4 ಓಮ್ ಸ್ಪೀಕರ್ ಸುಮಾರು 3ರಿಂದ 4 ತೋರಿಸಿದರೆ ಕಾಯಿಲ್ ತುಂಡಾಗಿಲ್ಲ. ಸುಮ್ನೆ ಹೊಸದು ಮಾರಬಾರದು.

ಏರ್‌ಬ್ಯಾಗ್‌ನ ಹಳದಿ ಕನೆಕ್ಟರಿಗೆ ಮಾತ್ರ ಯಾರೂ ಮೀಟರ್ ತಾಗಿಸಬೇಡಿ. ಏರ್‌ಬ್ಯಾಗೇ ಸಿಡಿಯಬಹುದು.

ಕಾರಿನವರಲ್ಲಿ ನನ್ನ ವಿನಂತಿ, ಮೀಟರ್ ಇಟ್ಟು ತೋರಿಸಿದ ಮೇಲೆಯೇ ದುಡ್ಡು ಕೊಡಿ.

– ಒಬ್ಬ ಆಟೋ ಎಲೆಕ್ಟ್ರಿಷಿಯನ್, ಬದಿಯಡ್ಕ, ಕಾಸರಗೋಡು