ನಡುಗೋಡೆಯ ವಿಚಾರವಾಗಿ ಅಪ್ಪನಿಗೆ

ರೆಡಿಂಗ್, ಇಂಗ್ಲೆಂಡ್
12 ಅಕ್ಟೋಬರ್ 2025

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇಲ್ಲಿ ನಾನು, ಇವರು, ಮಗು ಎಲ್ಲರೂ ಕ್ಷೇಮ. ನೀವೂ ಅಮ್ಮನೂ ಕ್ಷೇಮವೆಂದು ನಂಬಿದ್ದೇನೆ.

ದಿನವೂ ಫೋನಿನಲ್ಲಿ ಮಾತಾಡುವವಳು ಕಾಗದ ಬರೆಯಲು ಕೂತದ್ದೇಕೆಂದು ನಿಮಗೆ ಆಶ್ಚರ್ಯವಾಗಬಹುದು. ಕಳೆದ ಭಾನುವಾರ ನೀವು, ದಸರಾ ರಜೆ ಮುಗಿಯಿತು, ಇನ್ನು ಠಾಣೆಗೆ ಹೋಗಿ ಪಕ್ಕದ ಮನೆಯವರ ಮೇಲೆ ದೂರು ಕೊಟ್ಟೇ ಬರುತ್ತೇನೆ ಎಂದಿರಿ. ನಾನು ಏನೋ ಹೇಳಲು ಹೋದೆ, ನಿಮ್ಮ ದನಿ ಏರಿತು, ನನ್ನದೂ ಏರಿತು, ಕೊನೆಗೆ ಅಮ್ಮ ಫೋನು ಕಿತ್ತುಕೊಂಡಳು. ಕಾಗದವಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ. ಅಷ್ಟು ವರ್ಷ ಮಕ್ಕಳ ಉತ್ತರಪತ್ರಿಕೆಗಳನ್ನು ಕೊನೆಯ ಸಾಲಿನವರೆಗೆ ಓದಿಯೇ ಅಂಕ ಕೊಟ್ಟವರು ಇದನ್ನೂ ಪೂರ್ತಿ ಓದುತ್ತೀರೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಇದರ ಫೋಟೋ ತೆಗೆದು ಅಮ್ಮನ ವಾಟ್ಸಾಪಿಗೂ ಕಳಿಸುತ್ತೇನೆ, ಏಕೆಂದರೆ ಅಂಚೆಗೆ ಹತ್ತಾರು ದಿನ ಬೇಕು, ನಿಮ್ಮ ಕೋಪಕ್ಕೆ ಅಷ್ಟು ವ್ಯವಧಾನವಿಲ್ಲ.

ನಿಮ್ಮ ದೂರು ಸುಳ್ಳೆಂದು ನಾನು ಹೇಳುತ್ತಿಲ್ಲ. ಪಕ್ಕದ ರಾಯರು ಹೋದ ಮೇಲೆ ಅವರ ಮಗ ಮೇಲೊಂದು ಅಂತಸ್ತು ಎತ್ತಿದ್ದು, ತಾರಸಿಯ ಮಳೆ ನೀರಿನ ಪೈಪನ್ನು ನಮ್ಮ ಕಾಂಪೌಂಡಿನ ಬುಡಕ್ಕೆ ಬಿಟ್ಟಿದ್ದು, ಈಗ ದೇವರ ಮನೆಯ ಗೋಡೆ ಒಸರಿ ಸುಣ್ಣ ಉದುರುತ್ತಿರುವುದು, ಇದೆಲ್ಲವನ್ನೂ ಅಮ್ಮ ಕಳಿಸಿದ ವಿಡಿಯೋದಲ್ಲಿ ನೋಡಿದ್ದೇನೆ. ನಸುಕಿನ ನಾಲ್ಕೂವರೆಗೆ ಅವರ ಸಂಪಿನ ಮೋಟಾರು ಶುರುವಾಗುವುದನ್ನಂತೂ ಹೋದ ಬೇಸಿಗೆಯಲ್ಲಿ ಬಂದಾಗ ನಾನೇ ಕೇಳಿದ್ದೇನೆ. ಆದರೆ ನೀವು ನನಗೆ ಹೇಳದೆ ಬಿಟ್ಟ ಒಂದು ಸಂಗತಿಯನ್ನು ಅಮ್ಮ ಹೇಳಿದಳು. ಮೇ ತಿಂಗಳ ಗಾಳಿಯಲ್ಲಿ ನಮ್ಮ ತೆಂಗಿನ ಮರದ ಒಣ ಗರಿಯೊಂದು ಮಟ್ಟೆ ಸಮೇತ ಬಿದ್ದು ಅವರ ಕಾರಿನ ಮುಂದಿನ ಗಾಜು ಒಡೆಯಿತಂತೆ; ಆ ಹುಡುಗ ಬಂದು ಹೇಳಿದಾಗ ನೀವು, ಗಾಳಿ ಬೀಸಿದ್ದಕ್ಕೆ ನಾನೇನು ಮಾಡಲಿ ಎಂದಿರಂತೆ. ಪೈಪು ನಮ್ಮ ಕಡೆಗೆ ತಿರುಗಿದ್ದು ಅದಾದ ಮೇಲೋ ಮೊದಲೋ ಎಂದು ನಾನು ಅಮ್ಮನನ್ನು ಕೇಳಿದೆ. ಅವಳು ಉತ್ತರ ಕೊಡದೆ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಫೋನು ಇಟ್ಟಳು.

ನಾನು ನಿಮಗೆ ಈವರೆಗೆ ಹೇಳದ ಒಂದು ವಿಷಯವನ್ನು ಈಗ ಹೇಳುತ್ತೇನೆ. ಕಳೆದ ವರ್ಷ ಫೆಬ್ರವರಿಯಲ್ಲಿ ನಮ್ಮ ಮೇಲೆಯೇ ಒಂದು ದೂರು ಬಂದಿತ್ತು. ಇಲ್ಲಿನ ಸಾಲುಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಎರಡು ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯನ್ನು ಒಡೆದು ಕಟ್ಟುವುದಿದ್ದರೆ ಎರಡು ತಿಂಗಳು ಮುಂಚೆ ಪಕ್ಕದವರಿಗೆ ಬರಹದಲ್ಲಿ ತಿಳಿಸಬೇಕೆಂದು 1996ರ ಕಾಯ್ದೆಯೇ ಇದೆ. ಗೋಡೆಯ ಪಕ್ಕದಲ್ಲಿ ಮಿಕ್ಸಿ ಹಾಕುವುದಕ್ಕೆ ಮಾತ್ರ ಯಾರನ್ನೂ ಕೇಳಬೇಕಾಗಿಲ್ಲವೆಂದು ನಾನು ತಿಳಿದಿದ್ದೆ. ಕೆಲಸಕ್ಕೆ ಏಳು ಗಂಟೆಗೆ ಮನೆ ಬಿಡಬೇಕಾದ್ದರಿಂದ ಬೆಳಿಗ್ಗೆ ಐದೂ ಮುಕ್ಕಾಲಕ್ಕೆ ಕಾಯಿಚಟ್ನಿ ರುಬ್ಬುತ್ತಿದ್ದೆ. ಒಂದು ದಿನ ಸ್ಥಳೀಯ ಆಡಳಿತದಿಂದ, ಅಂದರೆ ಇಲ್ಲಿನವರು ಕೌನ್ಸಿಲ್ ಎನ್ನುವ ಕಚೇರಿಯಿಂದ, ಕಾಗದ ಬಂತು. ನಿಮ್ಮ ಮನೆಯಿಂದ ಶಬ್ದದ ತೊಂದರೆಯಾಗುತ್ತಿದೆಯೆಂದು ದೂರು ಬಂದಿದೆ, ಅದು ನಿಜವೆಂದು ನಾವಿನ್ನೂ ತೀರ್ಮಾನಿಸಿಲ್ಲ, ದೂರು ಕೊಟ್ಟವರಿಗೆ ದಿನಚರಿಯ ಹಾಳೆಗಳನ್ನು ಕೊಟ್ಟಿದ್ದೇವೆ ಎಂಬುದಷ್ಟೇ ಅದರ ಸಾರಾಂಶ. ದೂರು ಕೊಟ್ಟವರ ಹೆಸರಿರಲಿಲ್ಲ.

ನನಗೆ ಬಂದ ಸಿಟ್ಟು ನಿಮ್ಮ ಮಗಳಿಗೆ ತಕ್ಕಂತೆಯೇ ಇತ್ತು. ಮರುದಿನ ಮಿಕ್ಸಿ ಹಾಕಿ ಗಡಿಯಾರ ನೋಡಿದೆ: ಮೂರು ನಿಮಿಷ ನಲವತ್ತು ಸೆಕೆಂಡು. ಇದಕ್ಕೊಂದು ದೂರೇ ಎಂದು ಕಾನೂನನ್ನು ಓದತೊಡಗಿದೆ. 1990ರ ಪರಿಸರ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ದೂರು ಬಂದರೆ ಕೌನ್ಸಿಲ್ ವಿಚಾರಿಸಲೇಬೇಕು. ತೊಂದರೆ ನಿಜವೆಂದು ಕಂಡರೆ ನಿಲ್ಲಿಸುವಂತೆ ನೋಟಿಸು ಕೊಡುತ್ತಾರೆ, ಅದನ್ನೂ ಮೀರಿದರೆ ಅಪರಾಧ. ಮನೆಯೊಳಗಿನ ದಿನನಿತ್ಯದ ಸಾಮಾನ್ಯ ಸದ್ದು ಸಾಧಾರಣವಾಗಿ ಇದರಲ್ಲಿ ಬರುವುದಿಲ್ಲವೆಂದು ಓದಿ ಸಮಾಧಾನಪಟ್ಟೆ. ಅಷ್ಟರಲ್ಲಿ ಇನ್ನೊಂದು ಕಾಯ್ದೆ ಸಿಕ್ಕಿತು. ಅದರಲ್ಲಿ ರಾತ್ರಿಯೆಂದರೆ 11ರಿಂದ ಬೆಳಿಗ್ಗೆ 7ರವರೆಗೆ. ನಮ್ಮ ಬ್ರಾಹ್ಮೀ ಮುಹೂರ್ತ ಇವರಿಗೆ ಸರಿರಾತ್ರಿ.

ಇವರು ನನ್ನ ಹಾಗಲ್ಲ. ಓದಿದ್ದು ಸಾಕು, ಹೋಗಿ ಬಾಗಿಲು ತಟ್ಟು ಎಂದರು. ಪಕ್ಕದಲ್ಲಿರುವುದು ನಿವೃತ್ತ ಬಸ್ ಚಾಲಕ ಮತ್ತು ಅವರ ಹೆಂಡತಿ. ಆಕೆಗೆ ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾಗದೆ, ನಮ್ಮ ಅಡುಗೆಮನೆಗೆ ಅಂಟಿದ ಕೆಳಗಿನ ಕೋಣೆಯನ್ನೇ ಮಲಗುವ ಕೋಣೆ ಮಾಡಿಕೊಂಡಿದ್ದರು. ಅದು ನಮಗೆ ಗೊತ್ತೇ ಇರಲಿಲ್ಲ. ಆ ಮನುಷ್ಯ ಹೆಚ್ಚು ಮಾತಾಡದೆ ನನ್ನನ್ನು ಆ ಕೋಣೆಗೆ ಕರೆದುಕೊಂಡು ಹೋಗಿ, ನಿನ್ನ ಗಂಡನಿಗೆ ಆ ಯಂತ್ರ ಹಾಕಲು ಹೇಳು ಎಂದರು. ಹೇಳಿದೆ. ಕಿವಿಗೆ ಕೇಳಿಸಿದ್ದು ಅಷ್ಟೇನೂ ದೊಡ್ಡ ಸದ್ದಲ್ಲ. ಆದರೆ ಕಬ್ಬಿಣದ ಮಂಚದ ತಲೆಯ ಕಡೆ ಗೋಡೆಗೆ ತಾಗಿತ್ತು, ಅದು ಸಣ್ಣಗೆ ನಡುಗತೊಡಗಿತು, ಪಕ್ಕದ ಮೇಜಿನ ಮೇಲೆ ಗಾಜಿನ ಲೋಟದಲ್ಲಿದ್ದ ನೀರಿನ ಮೇಲೆ ಉಂಗುರ ಉಂಗುರವಾಗಿ ಅಲೆ ಎದ್ದಿತು. ಆಕೆ ಮಂಚದ ಅಂಚಿನಲ್ಲಿ ಕೂತು ಲೋಟವನ್ನು ನೋಡುತ್ತಿದ್ದರೇ ಹೊರತು ನನ್ನನ್ನು ನೋಡಲಿಲ್ಲ.

ಆಮೇಲೆ ಅವರು ದಿನಚರಿಯ ಹಾಳೆಗಳನ್ನೂ ತೋರಿಸಿದರು. 5.47, 5.46, 5.52, ಹೀಗೆ ನನ್ನ ಬೆಳಗುಗಳೆಲ್ಲ ಇನ್ನೊಬ್ಬರ ಕೈಬರಹದಲ್ಲಿ ಸಾಲಾಗಿ ನಿಂತಿದ್ದವು. ಮಗುವಿಗೆ ಜ್ವರ ಬಂದು ನಾನು ರಜೆ ಹಾಕಿದ ದಿನದ ಮುಂದೆ, 'ಸದ್ದಿಲ್ಲ, ಊರಿಗೆ ಹೋಗಿರಬಹುದು' ಎಂದು ಬರೆದಿದ್ದರು. ಮೊದಲೇ ಬಂದು ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ. ನಾಲ್ಕು ಸಲ ನಿಮ್ಮ ಬಾಗಿಲವರೆಗೂ ಬಂದು ವಾಪಸು ಹೋದೆ, ನೀವು ಯಾವಾಗಲೂ ಅವಸರದಲ್ಲಿ ಓಡುತ್ತಿರುತ್ತೀರಿ ಎಂದರು. ಅದೇ ವಾರ ಮಿಕ್ಸಿಯನ್ನು ಎದುರಿನ ಕಟ್ಟೆಗೆ ಸರಿಸಿ, ಅಮ್ಮ ಕೊಟ್ಟ ಹಳೆಯ ಜಮಖಾನವನ್ನು ನಾಲ್ಕು ಮಡಿಕೆ ಮಾಡಿ ಅದರ ಕೆಳಗೆ ಹಾಕಿದೆ. ಚಟ್ನಿಯನ್ನು ಹಿಂದಿನ ರಾತ್ರಿ ಎಂಟಕ್ಕೇ ರುಬ್ಬಿಡುತ್ತೇನೆ. ಅವರು ಕೌನ್ಸಿಲಿಗೆ ತಿಳಿಸಿ ದೂರನ್ನು ಮುಗಿಸಿದರು. ಇಲ್ಲಿ ಮನೆ ಮಾರುವಾಗ ಪಕ್ಕದವರೊಂದಿಗೆ ವ್ಯಾಜ್ಯವಿತ್ತೇ ಎಂದು ನಮೂನೆಯಲ್ಲಿ ಬರೆದುಕೊಡಬೇಕಾಗುತ್ತದೆ, ಆದ್ದರಿಂದ ದೂರು ಬೆಳೆಯುವುದು ಕೊಟ್ಟವರಿಗೂ ಒಳ್ಳೆಯದಲ್ಲ. ಎತ್ತರದ ಬೇಲಿಗಿಡಗಳ ವಿಷಯದಲ್ಲಂತೂ 2003ರ ಕಾಯ್ದೆ, ಮೊದಲು ನೀವೇ ಪಕ್ಕದವರೊಡನೆ ಮಾತಾಡಿ ಬಗೆಹರಿಸಲು ಯತ್ನಿಸಿದ್ದೀರಾ ಎಂದು ಕೇಳುತ್ತದೆ. ಯತ್ನಿಸದಿದ್ದರೆ ಕೌನ್ಸಿಲ್ ದೂರನ್ನೇ ತೆಗೆದುಕೊಳ್ಳದಿರಬಹುದು.

ಈಗ ಸರಸ್ವತಿಪುರಂಗೆ, ಅಂದರೆ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಇವರ ಸ್ನೇಹಿತರೊಬ್ಬರು ಮೈಸೂರಿನಲ್ಲೇ ವಕೀಲರು. ಅವರನ್ನು ಕೇಳಿಯೇ ಮುಂದಿನದನ್ನು ಬರೆಯುತ್ತಿದ್ದೇನೆ. ಠಾಣೆಗೆ ಹೋದರೆ ಆಗುವುದಿಷ್ಟು: ಇಬ್ಬರನ್ನೂ ಕರೆಸುತ್ತಾರೆ, ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ ಎನ್ನುತ್ತಾರೆ. ಅಲ್ಲಿ ನೀವಿಬ್ಬರೂ ದನಿ ಏರಿಸಿದರೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಲೆಕ್ಕದಲ್ಲಿ ಜನ ಈಗಲೂ 107 ಎಂದು ಕರೆಯುವ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 126 ಆಗಿರುವ ಕಲಮಿನಡಿ, ಶಾಂತಿ ಕಾಪಾಡುತ್ತೇವೆಂದು ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಳ್ಳುವ ಕ್ರಮ ಶುರುವಾಗಬಹುದು. ಅದರ ಅವಧಿ ಒಂದು ವರ್ಷದವರೆಗೂ ಇರಬಹುದು. ಸಾವಿರಾರು ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು, ಆ ಮಕ್ಕಳಲ್ಲೇ ಯಾರೋ ಒಬ್ಬರು ಕೂತಿರಬಹುದಾದ ಕುರ್ಚಿಯ ಮುಂದೆ ನಿಂತು ಮುಚ್ಚಳಿಕೆ ಬರೆದುಕೊಡುವುದನ್ನು ನಾನು ಊಹಿಸಿಕೊಳ್ಳಲಾರೆ.

ಹಾಗೆಂದು ಪೊಲೀಸರ ಕೆಲಸವೇ ಇಲ್ಲವೆಂದಲ್ಲ. ಗಣೇಶನ ಪೆಂಡಾಲಿನ ಹುಡುಗರು ಮಧ್ಯರಾತ್ರಿಯವರೆಗೆ ಮೈಕು ಹಾಕಿದ್ದರಲ್ಲ, ಅದು ಬೀದಿಗೆಲ್ಲ ಆದ ತೊಂದರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆಂದು ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸಬಹುದು, ಅಷ್ಟೇ. ಅಂಥದಕ್ಕೆ 112ಕ್ಕೆ ಫೋನು ಮಾಡುವುದೇ ಸರಿ. ನಡುರಾತ್ರಿ ಆ ಹುಡುಗರ ಎದುರು ನೀವೊಬ್ಬರೇ ಹೋಗಿ ನಿಲ್ಲುವುದು ಬೇಡ. ಆಗ ನೀವು, ಹಬ್ಬವಲ್ಲವೇ ಹೋಗಲಿ ಬಿಡು ಎಂದು ಹೊದ್ದು ಮಲಗಿದಿರಿ. ಪೊಲೀಸರು ಬೇಕಾದಲ್ಲಿ ಬಿಟ್ಟು ಬೇಡವಾದಲ್ಲಿ ಕರೆಯುತ್ತಿದ್ದೀರೆಂಬುದು ನನ್ನ ಆಕ್ಷೇಪ.

ಪೈಪಿನ ವಿಷಯದಲ್ಲಿ ಸುಮ್ಮನಿರಿ ಎಂದೂ ನಾನು ಹೇಳುವುದಿಲ್ಲ. ಒಬ್ಬರ ತಾರಸಿಯ ನೀರು ಇನ್ನೊಬ್ಬರ ಜಾಗಕ್ಕೆ ತಡೆಯಿಲ್ಲದೆ, ಹಕ್ಕೆಂಬಂತೆ 20 ವರ್ಷ ಹರಿದರೆ ಅದು ನಿಜವಾಗಿಯೂ ಹಕ್ಕೇ ಆಗಿಬಿಡಬಹುದು. ಆದ್ದರಿಂದ ನಮ್ಮ ತಕರಾರು ಬರಹದಲ್ಲಿ ಇರಬೇಕು. ಆದರೆ ಬರಹ ಎರಡನೆಯದು. ಮೊದಲು ಮಳೆ ಬರುವಾಗ ಆ ಹುಡುಗನನ್ನು ಒಳಗೆ ಕರೆದು ದೇವರ ಮನೆಯ ಗೋಡೆಯನ್ನು ಮುಟ್ಟಿ ನೋಡಲು ಹೇಳಿ. ಅವನು ತನ್ನ ತಾರಸಿಯಿಂದ ಆ ಗೋಡೆಯನ್ನು ಎಂದೂ ಕಂಡಿರಲಾರ, ನಾನು ಆ ನೀರಿನ ಲೋಟವನ್ನು ಕಾಣದಿದ್ದ ಹಾಗೆ. ಪೈಪಿಗೆ ಒಂದು ಬೆಂಡು ಹಾಕಿ ಮುಂದಿನ ಚರಂಡಿಗೆ ತಿರುಗಿಸಿದರೆ ಮುಗಿಯುವ ಕೆಲಸ, ಪ್ಲಂಬರಿಗೆ ಅರ್ಧ ದಿನದ್ದು. ಮೋಟಾರಿನ ಕೆಳಗೆ ರಬ್ಬರು ಹಾಕಿ ಆರು ಗಂಟೆಯ ನಂತರ ಹಾಕಿಕೊಳ್ಳಲು ಕೇಳಬಹುದು. ಅದಕ್ಕೂ ಒಪ್ಪದಿದ್ದರೆ ದಿನಾಂಕ ಹಾಕಿದ ಫೋಟೋಗಳ ಜೊತೆಗೆ ಒಂದು ಕಾಗದ ಕೊಡಿ, ಪ್ರತಿ ಇಟ್ಟುಕೊಳ್ಳಿ. ರಿಜಿಸ್ಟರ್ ಮಾಡಿಸುತ್ತೇನೆಂದು ಅಂಚೆ ಕಚೇರಿಗೆ ಹೋಗಿ ಜಗಳವಾಡಬೇಡಿ, ಈಗ ಅದನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ್ದಾರೆ.

ಅದೂ ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾಯ್ದೆಯಡಿ ಮೊಕದ್ದಮೆ ಹೂಡುವ ಮೊದಲೇ ವ್ಯಾಜ್ಯವನ್ನು ಲೋಕ ಅದಾಲತ್ತಿನ ಮುಂದೆ ಇಡಬಹುದು, ಶುಲ್ಕವಿಲ್ಲ. ಅಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ, ಅಂದರೆ ತೀರ್ಪಿನ, ಬೆಲೆಯಿದೆ, ಮೇಲ್ಮನವಿಯಿಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ, ಆದ್ದರಿಂದ ಅರ್ಜಿ ಅಮ್ಮನ ಹೆಸರಿನಲ್ಲಿ ಹೋಗಲಿ. ವಿಚಾರಿಸಲು 15100ಕ್ಕೆ ಫೋನು ಮಾಡಬಹುದು. ಮಾತಾಡುವುದಕ್ಕೂ ಅಮ್ಮನೇ ವಾಸಿ ಎಂಬುದು ನನ್ನ ಸ್ವಂತ ಅಭಿಪ್ರಾಯ. ಅಗ್ರಹಾರದ ವಠಾರದಲ್ಲಿ ಎಂಟು ಸಂಸಾರಕ್ಕೆ ಒಂದೇ ನಲ್ಲಿಯಿದ್ದ ಕಾಲದಲ್ಲಿ ಬೆಳೆದವಳು ಅವಳು. ಯಾರ ಕೊಡ ಮೊದಲು ಎಂಬ ಜಗಳವನ್ನು ದಿನವೂ ನೋಡಿದವಳಿಗೆ ಒಂದು ಪೈಪು ದೊಡ್ಡದಲ್ಲ.

ಇನ್ನು ತೆಂಗಿನ ಮರ. ಅದು ಅವರ ಕಡೆಗೆ ವಾಲಿರುವುದೂ, ಅದರಿಂದ ಅಪಾಯವಿರುವುದೂ ನಮಗೆ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದರೆ ಮುಂದಿನ ಸಲ ನಷ್ಟ ಕಟ್ಟಿಕೊಡಬೇಕಾದವರು ನಾವೇ ಎಂದು ವಕೀಲರು ಖಂಡಿತವಾಗಿ ಹೇಳಿದರು. ಆ ಗಾಜು ಒಡೆದ ದಿನ ರಾಯರು ಬದುಕಿದ್ದು, ಕಾರು ನಮ್ಮದಾಗಿದ್ದರೆ ಅವರು ಏನು ಮಾಡುತ್ತಿದ್ದರೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕಾಂಪೌಂಡಿನ ನಡುವಿನ ಆ ಚಿಕ್ಕ ಗೇಟಿನಲ್ಲಿ ಎಷ್ಟು ವರ್ಷ ನಮ್ಮ ಕರಿಬೇವು ಆಚೆ ಹೋಗಿ ಅವರ ಮಜ್ಜಿಗೆ ಈಚೆ ಬಂದಿತ್ತು! ಅದಕ್ಕೆ ಇಟ್ಟಿಗೆ ಕಟ್ಟಿ ಮುಚ್ಚಿದ್ದು ಅವರೇ, ಒಪ್ಪುತ್ತೇನೆ. ಆದರೆ ಆ ಹುಡುಗ ಗಾಜಿನ ವಿಷಯ ಹೇಳಲು ಬಂದಾಗ ಬೀದಿಯನ್ನು ಸುತ್ತಿಕೊಂಡು ನಮ್ಮ ಮುಂಬಾಗಿಲಿಗೇ ಬಂದಿದ್ದ.

ದೀಪಾವಳಿಗೆ ಇನ್ನೊಂದು ವಾರವಿದೆ. ಅಷ್ಟರೊಳಗೆ ಮರ ಹತ್ತುವವನನ್ನು ಕರೆಸಿ ಒಣ ಗರಿ, ಬಲಿತ ಕಾಯಿ ಎಲ್ಲವನ್ನೂ ಇಳಿಸಿಬಿಡಿ. ಇಳಿಸುವ ದಿನ ಕಾರು ತೆಗೆಯಲು ಹೇಳುವ ನೆಪದಲ್ಲಿ ಪಕ್ಕದ ಮನೆಗೆ ಹೋಗಬಹುದು. ಪೈಪಿನ ಮಾತು ಅಂದು ಬೇಡ, ಮರುದಿನಕ್ಕಿರಲಿ. ಮರ ಹತ್ತುವವನ ಕೂಲಿಯನ್ನೂ ಆ ಗಾಜಿನ ಹಣವನ್ನೂ ನಾನು ಕಳಿಸುತ್ತೇನೆಂದರೆ ನಿಮಗೆ ಕೋಪ ಬರುತ್ತದೆಂದು ಗೊತ್ತಿರುವುದರಿಂದ, ನಿಮ್ಮನ್ನು ಕೇಳದೆ ಅಮ್ಮನ ಖಾತೆಗೆ ಹಾಕಿದ್ದೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು