ಭಾನುವಾರದ ಸವಾರಿ: ಪೊಲೀಸರು ನಿಲ್ಲಿಸಿದರೆ

ಎಲ್ಲರಿಗೂ ನಮಸ್ಕಾರ.

ಕಳೆದ ವಾರ ನಮ್ಮ ಸೈಕಲ್ ಗುಂಪಿನ ಒಬ್ಬ ಹುಡುಗನನ್ನು ಪೊಲೀಸರು ನಿಲ್ಲಿಸಿ ಹೆಲ್ಮೆಟ್ ಇಲ್ಲ, ಲೈಸೆನ್ಸ್ ಎಲ್ಲಿ ಎಂದು ಕೇಳಿದ್ದಾರೆ. ಪಾಪ, ತುಂಬಾ ಹೆದರಿದ್ದ. ಇದು ಎಲ್ಲರಿಗೂ ಗೊತ್ತಿರಲಿ: 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(28)ರ ಪ್ರಕಾರ ಪೆಡಲ್ ಸೈಕಲ್ ಮೋಟಾರು ವಾಹನವೇ ಅಲ್ಲ. ಹಾಗಾಗಿ ಡಿಎಲ್, ಆರ್‌ಸಿ, ಇನ್ಶೂರೆನ್ಸ್ ಯಾವುದೂ ಬೇಡ. ಸೆಕ್ಷನ್ 129ರ ಹೆಲ್ಮೆಟ್ ನಿಯಮ ಇರುವುದು ಮೋಟಾರ್ ಸೈಕಲ್‌ಗೆ. ಆದರೂ ನಮ್ಮ ಸವಾರಿಗೆ ಹೆಲ್ಮೆಟ್ ಬೇಕೇ ಬೇಕು ಮಾರಾಯ್ರೆ, ತಲೆ ನಮ್ಮದಲ್ವಾ!

ಈ ಭಾನುವಾರ ಬೆಳಿಗ್ಗೆ 5.45ಕ್ಕೆ ಮಂಗಳೂರಿನ ಲೇಡಿಹಿಲ್‌ನಿಂದ ಹೊರಟು ಕೊಟ್ಟಾರ ಚೌಕಿ, ಕೂಳೂರು ಸೇತುವೆ ದಾಟಿ ಪಣಂಬೂರು ಬೀಚ್‌ಗೆ. ದಾರಿಯಲ್ಲಿ ಯಾರಾದರೂ ತಡೆದರೆ ಇಳಿದು, ಎಡಕ್ಕೆ ನಿಂತು, "ಸರ್, ಇದು ಸೈಕಲ್, ಇದಕ್ಕೆ ಲೈಸೆನ್ಸ್ ಬೇಡ" ಎಂದು ಮೆಲ್ಲನೆ ಹೇಳಿ. ವಾದ ಬೇಡ. ದಂಡ ಕೇಳಿದರೆ ಯಾವ ಸೆಕ್ಷನ್ ಎಂದು ವಿಚಾರಿಸಿ, ರಸೀದಿ ಕೇಳಿ, ಕೂಡಲೇ ನನಗೆ ಫೋನ್ ಮಾಡಿ. ಒಬ್ಬರನ್ನೇ ಬಿಟ್ಟು ಯಾರೂ ಮುಂದೆ ಹೋಗಬೇಡಿ.

ಸಿಗ್ನಲ್ ಹಾರುವುದು, ಒನ್‌ವೇಯಲ್ಲಿ ಎದುರು ಬರುವುದು ಮಾತ್ರ ನಮ್ಮದೇ ತಪ್ಪು. ಮುಂದೆ ಬಿಳಿ, ಹಿಂದೆ ಕೆಂಪು ಲೈಟ್ ಮರೆಯಬೇಡಿ, ಆ ಹೊತ್ತಿಗೆ ಹೈವೇಯಲ್ಲಿ ಲಾರಿ ಜಾಸ್ತಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿ ಹೆಸರು ಹಾಕಿ. ಹಿಂದೆ ಇಂಥ ಅನುಭವ ಆದವರು ದಯವಿಟ್ಟು ಬರೆಯಿರಿ, ಎಲ್ಲ ಸೇರಿಸಿ ಸಂಚಾರ ಪೊಲೀಸರಿಗೆ ಒಂದು ಮನವಿ ಕೊಡೋಣ.