ಕುಂಬಳಕಾಯಿ ತೂಗುವ ಮುಂಚೆ ಬುಡ ನೋಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಆಲೂರು ತಾಲ್ಲೂಕಿನ ಒಂದು ಊರಿನ ಜಾತ್ರೆಯಲ್ಲಿ ಈ ವರ್ಷ ದೊಡ್ಡ ಕುಂಬಳಕಾಯಿ ಸ್ಪರ್ಧೆ ಇಟ್ಟಿದ್ದರು. ಒಳ್ಳೆ ಕೆಲಸ. ಹದಿನಾಲ್ಕು ಕಾಯಿ ಬಂದಿದ್ದವು. 57 ಕೆ.ಜಿ. ತೂಗಿದ ಕಾಯಿಗೆ ಮೊದಲ ಬಹುಮಾನ ಹೋಯಿತು. ಆ ಕಾಯಿಯ ಒಂದು ಮಗ್ಗುಲಲ್ಲಿ, ಹೂ ಕಳಚಿದ ತುದಿಯ ಹತ್ತಿರ, ಗೇಣುದ್ದ ಸುಣ್ಣ ಬಳಿದಿತ್ತು. ಯಾಕೆ ಅಂತ ಯಾರೂ ಕೇಳಲಿಲ್ಲ. ಹೊರಳಿಸಿಯೂ ನೋಡಲಿಲ್ಲ. ತಕ್ಕಡಿ ಎಷ್ಟು ತೋರಿಸಿತೋ ಅಷ್ಟು ಬರೆದುಕೊಂಡರು, ಹಾರ ಹಾಕಿದರು, ಫೋಟೋ ತೆಗೆದರು. ಮಾರನೇ ದಿನ ಅನ್ನಸಂತರ್ಪಣೆಗೆ ಅದನ್ನು ಹೆಚ್ಚಲು ಕೂತ ಅಡುಗೆಯವರು ಮೂಗು ಮುಚ್ಚಿಕೊಂಡು ಎದ್ದುಬಿಟ್ಟರು. ಒಳಗೆಲ್ಲಾ ಕೊಳೆತು ನೀರಾಗಿತ್ತು. ಸುಣ್ಣದ ಅಡಿಯಲ್ಲಿದ್ದ ಬಿರುಕು ಸೀದಾ ಬೀಜದ ಟೊಳ್ಳಿನವರೆಗೆ ಹೋಗಿತ್ತು.

ಬೆಳೆದವರ ಮೇಲೆ ನನಗೆ ಸಿಟ್ಟಿಲ್ಲ. ಬಿರುಕಿಗೆ ಸುಣ್ಣ ಹಚ್ಚುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ, ನಾನೂ ಮಾಡಿದ್ದೇನೆ. ನನ್ನ ತಕರಾರು ಸ್ಪರ್ಧೆ ನಡೆಸುವವರ ಬಗ್ಗೆ. ತೂಕ ಒಂದೇ ನೋಡಿದರೆ ಸಾಲದು, ಕಾಯಿ ಗಟ್ಟಿಯಾಗಿದೆಯಾ ಅಂತಲೂ ನೋಡಬೇಕು. ಇಲ್ಲದಿದ್ದರೆ ಜೋಪಾನವಾಗಿ ಬೆಳೆದವರಿಗೆ ಅನ್ಯಾಯ ಆಗುತ್ತದೆ, ಅಲ್ವಾ?

ನಾನು ನಾಲ್ಕು ವರ್ಷದಿಂದ ಕಾಫಿ ತೋಟದ ಅಂಚಿನ ಐದು ಗುಂಟೆಯಲ್ಲಿ ಅಟ್ಲಾಂಟಿಕ್ ಜೈಂಟ್ ಅನ್ನುವ ತಳಿ ಹಾಕುತ್ತಿದ್ದೇನೆ. ಕೆನಡಾದ ನೋವಾ ಸ್ಕೋಷಿಯಾದ ರೈತ ಹೋವರ್ಡ್ ಡಿಲ್ ವರ್ಷಗಟ್ಟಲೆ ಆರಿಸಿ ಆರಿಸಿ ಮಾಡಿದ ತಳಿ ಇದು. ಇವತ್ತು ಲೋಕದಲ್ಲಿ ದಾಖಲೆ ಮಾಡುವ ಕುಂಬಳ ಎಲ್ಲಾ ಇದರ ವಂಶದ್ದೇ. 2025ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಪ್ಯಾಟನ್ ಅವಳಿ ಸಹೋದರರ ಕಾಯಿ 1,278 ಕೆ.ಜಿ.ಗೂ ಜಾಸ್ತಿ ತೂಗಿತು. ನಮ್ಮ ಹವೆಯಲ್ಲಿ ಅಷ್ಟೆಲ್ಲಾ ಆಗುವುದಿಲ್ಲ, ನನ್ನದು 40 ದಾಟಿದ್ದೇ ದೊಡ್ಡದು. ಆದರೆ ದೊಡ್ಡ ಕಾಯಿಗೆ ಬರುವ ಕಷ್ಟ ಮಾತ್ರ ಅಲ್ಲೂ ಇಲ್ಲೂ ಒಂದೇ.

ಕಷ್ಟದ ಮೂಲ ಏನೆಂದರೆ ಕಾಯಿ ಬೆಳೆಯುವ ವೇಗ. ಆ ದೇಶಗಳಲ್ಲಿ ಜೋರಾಗಿ ಬೆಳೆಯುವ ದಿನಗಳಲ್ಲಿ ಒಂದು ಕಾಯಿ ದಿನಕ್ಕೆ 15–20 ಕೆ.ಜಿ. ಏರುತ್ತದೆ. ಒಳಗಿನ ತಿರುಳು ಉಬ್ಬುತ್ತಲೇ ಇರುತ್ತದೆ, ಹೊರಗಿನ ಸಿಪ್ಪೆ ಬಿಸಿಲಿಗೆ ಬಿರುಸಾಗಿರುತ್ತದೆ. ಎರಡೂ ಒಂದೇ ಸಮ ಹಿಗ್ಗದಿದ್ದರೆ ಎಲ್ಲಿ ಬಲ ಕಮ್ಮಿಯೋ ಅಲ್ಲಿ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಅಲ್ಲಿನವರು ಮಿಡಿ ಇದ್ದಾಗಿನಿಂದಲೇ ಕಾಯಿಗೆ ನೆರಳು ಕಟ್ಟುತ್ತಾರೆ. ಎಲೆಗೆ ಬಿಸಿಲು ಬೇಕು, ಕಾಯಿಗೆ ಬೇಡ.

ಮೊದಲು ಬಿಟ್ಟುಕೊಳ್ಳುವ ಜಾಗ ಹೂ ಕಳಚಿದ ತುದಿ. ಕಳೆದ ವರ್ಷ ಮಾರ್ಚ್‌ನಲ್ಲಿ ಹೂಮಳೆ ಬಂತಲ್ಲ, ನಮ್ಮ ಮನೆಯಲ್ಲಿ ಎಲ್ಲರೂ ಖುಷಿಯಾಗಿ ಕಾಫಿ ಹೂವಿಗೆ ಎಷ್ಟು ಇಂಚು ಆಯಿತು ಅಂತ ಅಳೆಯುತ್ತಿದ್ದರು, ನಾನು ಟಾರ್ಚ್ ಹಿಡಿದು ಕುಂಬಳದ ಹತ್ತಿರ ಓಡಿದೆ. ಅದಕ್ಕೆ ಮುಂಚೆ ಹತ್ತು ದಿನ ಮೋಟಾರ್ ಕೆಟ್ಟು ಸರಿಯಾಗಿ ನೀರು ಕೊಟ್ಟಿರಲಿಲ್ಲ. ಒಣಗಿದ ಬೇರಿಗೆ ಒಂದೇ ರಾತ್ರಿ ಒಂದೂವರೆ ಇಂಚು ಮಳೆ. ಬೆಳಿಗ್ಗೆ ನೋಡಿದರೆ ತುದಿಯಲ್ಲಿ ನಕ್ಷತ್ರದ ಹಾಗೆ ಸೀಳು. ನಲವತ್ತು ದಿನ ಕಾದ ಕಾಯಿ. ಅವತ್ತು ನನಗೆ ಊಟ ಸೇರಲಿಲ್ಲ.

ಆಮೇಲೆ ಕಲಿತೆ. ಮಳೆ ಬರಲಿ ಬಿಡಲಿ, ನೀರು ದಿನಾ ಸ್ವಲ್ಪ ಸ್ವಲ್ಪ ಒಂದೇ ಪ್ರಮಾಣದಲ್ಲಿ ಹೋಗಬೇಕು. ನೀರು ಏರುಪೇರಾದರೆ ಸುಣ್ಣದ ಅಂಶವೂ ಕಾಯಿಯ ತುದಿಯವರೆಗೆ ತಲುಪುವುದಿಲ್ಲ, ಅಲ್ಲಿನ ತಿರುಳು ಬಲ ಕಳೆದುಕೊಳ್ಳುತ್ತದೆ. ಅದರ ಮೇಲೆ ಯೂರಿಯಾ ಸುರಿದರೆ ಮುಗಿದೇ ಹೋಯಿತು.

ಇನ್ನೊಂದು ಗುಟ್ಟು ಹೂವಿನಲ್ಲೇ ಇದೆ. ಹೆಣ್ಣು ಹೂವಿನ ನಡುವೆ ಗಂಟು ಗಂಟಾಗಿ ಕಾಣುತ್ತದಲ್ಲ, ಅದು ಸಾಮಾನ್ಯವಾಗಿ ನಾಲ್ಕು ಭಾಗ ಇರುತ್ತದೆ. ಐದಾರು ಇದ್ದರೆ ಕಾಯಿ ಜಾಸ್ತಿ ದೊಡ್ಡದಾಗುತ್ತದೆ ಅಂತ ಆಸೆಪಟ್ಟು ಅದನ್ನೇ ಉಳಿಸಿಕೊಳ್ಳುತ್ತೇವೆ. ಆದರೆ ಅಂಥ ಕಾಯಿಯ ತುದಿ ಸೊಟ್ಟಪಟ್ಟ, ಒಡೆಯುವ ಭಯವೂ ಹೆಚ್ಚು.

ಎರಡನೆಯದು ತೊಟ್ಟು. ಕಾಯಿ ಉಬ್ಬಿದ ಹಾಗೆ ಅದರ ಹೆಗಲು ಬಳ್ಳಿಗೆ ಒತ್ತಿಕೊಳ್ಳುತ್ತದೆ. ಬಳ್ಳಿಯೋ ಗಿಣ್ಣು ಗಿಣ್ಣಿಗೆ ಬೇರು ಬಿಟ್ಟು ನೆಲ ಕಚ್ಚಿ ಕೂತಿರುತ್ತದೆ. ಕೊನೆಗೆ ತೊಟ್ಟೇ ಹರಿಯುತ್ತದೆ. ಕಾಯಿ ಇನ್ನೂ ತೆಂಗಿನಕಾಯಿಯಷ್ಟಿರುವಾಗಲೇ ಬಳ್ಳಿಗೆ ಅಡ್ಡವಾಗಿ ನಿಲ್ಲುವ ಹಾಗೆ ದಿನಕ್ಕೆ ಒಂದೆರಡು ಬೆರಳಷ್ಟು ತಿರುಗಿಸಬೇಕು, ಹತ್ತಿರದ ಎರಡು ಮೂರು ಗಿಣ್ಣಿನ ಬೇರು ಕತ್ತರಿಸಿ ಬಳ್ಳಿ ಏಳಲು ಬಿಡಬೇಕು. ಬೆಳಿಗ್ಗೆ ಮಾತ್ರ ಮುಟ್ಟಬೇಡಿ, ಆಗ ಬಳ್ಳಿ ನೀರು ತುಂಬಿ ಸೆಟೆದಿರುತ್ತದೆ, ಪಟ್ ಅಂತ ಮುರಿಯುತ್ತದೆ. ಮಧ್ಯಾಹ್ನ ಬಿಸಿಲಿಗೆ ಬಾಗುತ್ತದೆ.

ಇನ್ನು ಡಿಲ್ ರಿಂಗ್ ಅಂತ ಒಂದಿದೆ. ಇದೇ ಬಹಳ ಮೋಸದ್ದು. ತೊಟ್ಟಿನ ಸುತ್ತ ಅಥವಾ ತುದಿಯ ಸುತ್ತ ಬಳೆಯ ಹಾಗೆ ಒಂದು ಗೀರು ಕಾಣುತ್ತದೆ. ಮೇಲಿಂದ ನೋಡಿದರೆ ಸುಮ್ನೆ ಸಿಪ್ಪೆಯ ಗೆರೆ ಅನ್ನಿಸುತ್ತದೆ. ಆದರೆ ತಿರುಳು ಒಳಗೇ ಬಿರಿದಿರುತ್ತದೆ, ಹೊರಗೆ ಕಾಣುವುದು ಸ್ವಲ್ಪ ಮಾತ್ರ. ಟೊಳ್ಳಿನವರೆಗೆ ಹೋಗದಿದ್ದರೆ ಕಾಯಿ ಉಳಿಯುತ್ತದೆ. ಗೀರನ್ನು ಒಣಗಿಸಿ ಶಿಲೀಂಧ್ರನಾಶಕದ ಪುಡಿ ಮೆತ್ತಿ ಗಾಳಿ ಆಡಲು ಬಿಟ್ಟರೆ ಎಷ್ಟೋ ಕಾಯಿ ಕೊನೆವರೆಗೆ ನಿಲ್ಲುತ್ತವೆ. ಹಸಿ ಇದ್ದಾಗಲೇ ಸುಣ್ಣವನ್ನೋ ಸಗಣಿಯನ್ನೋ ಮೆತ್ತಿ ಮುಚ್ಚಿದರೆ ಒಳಗಿನ ತೇವ ಒಳಗೇ ಉಳಿದು ಕೊಳೆಯುತ್ತದೆ. ಜಾತ್ರೆಯ ಕಾಯಿಗೆ ಆಗಿದ್ದೂ ಇದೇ ಅಂತ ನನ್ನ ಅಂದಾಜು.

ಬುಡದ ಮಾತು ಬೇಗ ಹೇಳಿಬಿಡುತ್ತೇನೆ. ಒದ್ದೆ ಮಣ್ಣಿನ ಮೇಲೆ ಕೂತ ಕಾಯಿಯ ಅಡಿ ಮೆತ್ತಗಾಗುತ್ತದೆ, ಇಲಿ ಕೊರೆದರೂ ಗೊತ್ತಾಗುವುದಿಲ್ಲ. ಗೊಬ್ಬರದ ಚೀಲ ಹಾಸಬೇಡಿ, ನೀರು ನಿಲ್ಲುತ್ತದೆ. ಭತ್ತದ ಹುಲ್ಲು ಒಂದು ಮಳೆಗೆ ಕೊಳೆಯುತ್ತದೆ. ದಪ್ಪ ಮರಳು ಹಾಸಿದರೆ ನೀರು ಬಸಿಯುತ್ತದೆ, ಕಾಯಿ ದೊಡ್ಡದಾಗುವಾಗ ಜಾರಿಕೊಳ್ಳಲೂ ಆಗುತ್ತದೆ. ಮಿಡಿಯಲ್ಲಿ ಹಣ್ಣುನೊಣ ಚುಚ್ಚಿದ ಜಾಗವೂ ಆಮೇಲೆ ಸೊಟ್ಟಗಾಗಿ ಮೆತ್ತಗೇ ಉಳಿಯುತ್ತದೆ.

ಈಗ ಸ್ಪರ್ಧೆಯ ವಿಷಯಕ್ಕೆ ಬರುತ್ತೇನೆ. ಹೊರದೇಶದ ದೊಡ್ಡ ಕುಂಬಳ ಸ್ಪರ್ಧೆಗಳಿಗೆ ಗ್ರೇಟ್ ಪಂಪ್‌ಕಿನ್ ಕಾಮನ್‌ವೆಲ್ತ್ ಅನ್ನುವ ಸಂಘದ ನಿಯಮ ಇದೆ. ಬಿರುಕೋ ತೂತೋ ಟೊಳ್ಳಿನವರೆಗೆ ಹೋಗಿದ್ದರೆ, ಕೊಳೆತಿದ್ದರೆ, ಆ ಕಾಯಿಗೆ ಬಹುಮಾನ ಇಲ್ಲ. ಎಷ್ಟೇ ತೂಗಲಿ. ಬೆಲ್ಟ್ ಹಾಕಿ ಮೇಲೆತ್ತಿದಾಗ ಅಡಿಗೆ ಬಗ್ಗಿ ಬುಡವನ್ನೂ ನೋಡುತ್ತಾರೆ. ಮೇಲಿನ ಗೀರು, ಗುಳಿ, ವಕ್ರ ಆಕಾರಕ್ಕೆ ಯಾರೂ ಏನೂ ಅನ್ನುವುದಿಲ್ಲ. ಅದು ನ್ಯಾಯವೇ. ದೊಡ್ಡ ಕುಂಬಳ ಚಂದ ಇರಬೇಕು ಅಂತ ಯಾರೂ ಕೇಳುವುದಿಲ್ಲ, ಗಟ್ಟಿ ಇರಬೇಕು ಅಷ್ಟೇ.

ನಮ್ಮಲ್ಲಿ ಇದಕ್ಕೆ ಖರ್ಚೇ ಇಲ್ಲ. ಮಣ್ಣು, ಸುಣ್ಣ ಏನು ಮೆತ್ತಿದ್ದರೂ ತೂಕಕ್ಕೆ ಮುಂಚೆ ತೊಳೆಸಿ. ಬಿರುಕು ಕಂಡರೆ ಒಂದು ತೆಳ್ಳನೆ ಕಡ್ಡಿ ಬಿಟ್ಟು ನೋಡಿ, ತಡೆ ಇಲ್ಲದೆ ಒಳಗೆ ಹೋದರೆ ಟೊಳ್ಳಿಗೆ ಸೇರಿದೆ ಅಂತಲೇ ಲೆಕ್ಕ. ಮೂಗು ಹತ್ತಿರ ಹಿಡಿಯಿರಿ. ಅಂಗೈಯಿಂದ ಬುಡ ಒತ್ತಿ, ಮೆತ್ತಗಿದ್ದರೆ ಪಕ್ಕಕ್ಕಿಡಿ. ಅಂಥ ಕಾಯಿಯ ತೂಕ ಬೇಕಾದರೆ ಬೇರೆ ಬರೆದುಕೊಳ್ಳಿ, ಬೆಳೆದವರಿಗೆ ಒಂದು ಪ್ರಮಾಣಪತ್ರವನ್ನೂ ಕೊಡಿ, ಅವರ ಶ್ರಮ ಸುಳ್ಳಲ್ಲವಲ್ಲ. ಆದರೆ ಮೊದಲ ಬಹುಮಾನ ಬೇಡ. ನಿಯಮವನ್ನು ಬಿತ್ತನೆಗೆ ಮುಂಚೆಯೇ ಹೇಳಿಬಿಡಿ, ಜಾತ್ರೆಯ ದಿನ ಹೇಳಿದರೆ ಜಗಳ ಆಗುತ್ತದೆ.

ಹಾಸನ, ಚಿಕ್ಕಮಗಳೂರು ಎರಡೂ ಕಡೆ ಫಲಪುಷ್ಪ ಪ್ರದರ್ಶನಗಳು ನಡೆಯುತ್ತವೆ, ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜೂ ಇದೆ. ತರಕಾರಿ ಗೊತ್ತಿರುವ ಒಬ್ಬರನ್ನು ತೀರ್ಪಿಗೆ ಕರೆಸುವುದು ಕಷ್ಟವಲ್ಲ. ಮುಂದಿನ ಜಾತ್ರೆಯ ಸಮಿತಿಯವರು ಇದನ್ನು ಓದಿದರೆ ಒಂದು ಮಾತು: ಕಾಯಿ ಎತ್ತಿ ಹಿಡಿಯಲು ಗಟ್ಟಿ ಗೋಣಿತಾಟು ಮತ್ತು ನಾಲ್ಕು ಹುಡುಗರನ್ನು ನಾನೇ ಕರೆದುಕೊಂಡು ಬರುತ್ತೇನೆ.

– ಒಬ್ಬ ಕುಂಬಳ ಬೆಳೆಗಾರ, ಆಲೂರು ತಾಲ್ಲೂಕು, ಹಾಸನ ಜಿಲ್ಲೆ